ಕೊಳ್ಳುವವರಿಲ್ಲದ ನಲ್ಲಾ ಗಂಟೆ

ಹೈದರಾಬಾದಿನಲ್ಲಿ ನಲ್ಲಾ ನೀರು ಬರುವುದಕ್ಕೆ ಹೊತ್ತುಗೊತ್ತು ಇಲ್ಲ, ನನ್ನಂಥವನ ಮರ್ಯಾದೆ ಹೋಗುವುದಕ್ಕೂ ಇಲ್ಲ. ಎರಡೂ ದಿನ ಬಿಟ್ಟು ದಿನ ನಡೆಯುತ್ತಲೇ ಇರುತ್ತವೆ.

ನಲ್ಲಾ ಎಂದರೆ ಇಲ್ಲಿ ನಳ, ಅಂದರೆ ನಲ್ಲಿ. ಉರ್ದು ಮಾತಾಡುವವರೂ ನಲ್ಲಾ ಅನ್ನುತ್ತಾರೆ, ತೆಲುಗು ಮಾತಾಡುವವರೂ ನಲ್ಲಾ ಅನ್ನುತ್ತಾರೆ, ರಾಯಚೂರು ಕಡೆಯಿಂದ ಬಂದು ಲಿಂಗಂಪಲ್ಲಿಯಲ್ಲಿ ತಲೆ ನರೆಸಿಕೊಂಡ ನಮ್ಮಂಥವರೂ ಅದನ್ನೇ ಅನ್ನುತ್ತೇವೆ. ಈ ನಲ್ಲಾದಲ್ಲಿ ನೀರು ಬರುವ ಮೊದಲು ಗಾಳಿ ಬರುತ್ತದೆ, ಮುದುಕ ಕೆಮ್ಮಿದ ಹಾಗೆ. ಆ ಕೆಮ್ಮಿಗೆ ಕಾಯುತ್ತ ಅಡುಗೆಮನೆಯಲ್ಲಿ ಕೂರುವುದು ನಮ್ಮ ಮನೆಯಾಕೆಯ ಆಯುಷ್ಯದ ಅರ್ಧ ಕೆಲಸ. ಕೆಮ್ಮು ಕೇಳಿ ಎದ್ದು ಹೋದರೆ ಬರೀ ಗಾಳಿ, ನಂಬದೆ ಮಲಗಿದರೆ ಅವತ್ತೇ ನೀರು.

ನಾನು ಒಂದು ಕಾರ್ಖಾನೆಯಲ್ಲಿ ಮೀಟರು ರಿಪೇರಿ ಮಾಡುತ್ತಿದ್ದವನು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿ ಕೂತು ಒಂದು ಡಬ್ಬಿ ಮಾಡಿದೆ. ನಲ್ಲಾಕ್ಕೆ ಕಟ್ಟಿದರೆ ಸಾಕು, ಗಾಳಿ ಬಂದರೆ ಸುಮ್ಮನಿರುತ್ತದೆ, ನೀರು ಬಂದರೆ ಮಾತ್ರ ಗಂಟೆ ಹೊಡೆಯುತ್ತದೆ. ನಲ್ಲಾ ಗಂಟೆ ಎಂದು ಹೆಸರಿಟ್ಟೆ. ಕೆಲಸ ಮಾಡುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಇನ್ನು ಯಾರಾದರೂ ತಯಾರಕರು ಒಪ್ಪಿಕೊಂಡು ಕಾರ್ಖಾನೆಯಲ್ಲಿ ಮಾಡಬೇಕಿತ್ತು, ಅಷ್ಟೇ. ಈ 'ಅಷ್ಟೇ' ಎಂಬ ಮಾತಿಗೆ ನನ್ನ ಚಪ್ಪಲಿ ಸವೆದು ಹೋಯಿತು.

ಮನೆಯಾಕೆಯ ತಮ್ಮನೊಬ್ಬ ಇದ್ದಾನೆ. ಮಿಯಾಪುರದಲ್ಲಿ ಅವನದು ಕಮೋಡು, ಸಿಂಕು ಮಾರುವ ಅಂಗಡಿ. ಒಂದು ಭಾನುವಾರ ಊಟಕ್ಕೆ ಬಂದು ಅಕ್ಕನ ಕಿವಿ ಊದಿ ಹೋದ. ಅವನು ಮೆಟ್ಟಿಲಿಳಿಯುತ್ತಲೇ ಆಕೆ ನನಗೆ ಗಡುವು ಕೊಟ್ಟಳು.

"ಯುಗಾದಿ ತನಕಾ ನೋಡ್ರಿ. ಯಾವನಾರ ಕಾರ್ಖಾನಿಯಾವ ಮಾಡ್ತೀನಿ ಅಂದ್ರ ಛಲೋ ಆತು. ಇಲ್ಲಂದ್ರ ಯುಗಾದಿ ಮರುದಿನದಿಂದ ತಮ್ಮನ ಅಂಗಡ್ಯಾಗ ಕುಂಡರ್ರಿ."

ಕಮೋಡಿನ ಮಗ್ಗುಲಲ್ಲಿ ನಿಂತು ಗಿರಾಕಿಗಳಿಗೆ "ಕೂತು ನೋಡಿ ಸಾರ್" ಎಂದು ಹೇಳುವ ಬಾಳು ನನಗೆ ಬೇಕಿರಲಿಲ್ಲ. ಡಬ್ಬಿ ಹಿಡಿದು ಹೊರಟೆ.

೧. ನಲ್ಲಾ ಮಾಡುವವರು

ಮೊದಲು ಹೋದದ್ದು ಬಾಲಾನಗರದಲ್ಲಿ ಹಿತ್ತಾಳೆ ನಲ್ಲಾ ಮಾಡುವ ಸಾಹುಕಾರರ ಹತ್ತಿರ. ನಲ್ಲಾ ಮಾಡುವವರಿಗಿಂತ ನಲ್ಲಾದ ಕಷ್ಟ ಯಾರಿಗೆ ಗೊತ್ತಿರುತ್ತದೆ ಎಂಬುದು ನನ್ನ ಲೆಕ್ಕಾಚಾರ. ಇಂಥ ಲೆಕ್ಕಾಚಾರಗಳಿಂದಲೇ ನಾನು ಈ ಗತಿಗೆ ಬಂದದ್ದು.

ಸಾಹುಕಾರರು ಒಳ್ಳೆಯವರು. ಇರಾನಿ ಚಾ ತರಿಸಿದರು, ಉಸ್ಮಾನಿಯಾ ಬಿಸ್ಕತ್ತು ತರಿಸಿದರು. ನಾನು ಡಬ್ಬಿ ಬಿಚ್ಚಿ ಎಲ್ಲ ವಿವರಿಸಿದೆ. ಗಾಳಿಗೂ ನೀರಿಗೂ ಇದು ಹೇಗೆ ವ್ಯತ್ಯಾಸ ಹಿಡಿಯುತ್ತದೆ, ಹೆಂಗಸರು ಹೇಗೆ ನಿದ್ದೆ ಕೆಟ್ಟು ಕೂರುತ್ತಾರೆ, ಎಲ್ಲ. ಅವರು ಬಿಸ್ಕತ್ತನ್ನು ಚಾದಲ್ಲಿ ಅದ್ದುತ್ತ, ಭಾರಿ ಮನಸ್ಸಿಟ್ಟು ಕೇಳಿದರು. ಮನಸ್ಸಿದ್ದದ್ದು ನನ್ನ ಮಾತಿನ ಮೇಲಲ್ಲ, ಬಿಸ್ಕತ್ತು ಮುರಿದು ಚಾದೊಳಗೆ ಬೀಳುತ್ತದೋ ಹೇಗೆ ಎಂಬುದರ ಮೇಲೆ.

ಕೊನೆಗೆ ಕೇಳಿದರು, "ಅಂದ್ರೆ ನಲ್ಲಾದಾಗ ನೀರು ಬರಲ್ಲೇನು?"

"ಬರ್ತೈತಿ ಸಾಹೇಬ್ರ, ಯಾವಾಗ ಬರ್ತೈತಿ ಗೊತ್ತಾಗಲ್ಲ" ಅಂದೆ.

"ನಮ್ಮನೆಗೆ ಬೋರ್ ಇದೆ" ಎಂದರು.

ನಲ್ಲಾ ಮಾಡಿ ಮಾಡಿ ಬಂಗಲೆ ಕಟ್ಟಿದ ಮನುಷ್ಯ ನಲ್ಲಾದಲ್ಲಿ ನೀರು ಬರುವುದನ್ನು ಕಣ್ಣಾರೆ ಕಂಡಿರಲಿಲ್ಲ. ಆದರೂ ನಾನು ಬಿಡದೆ, ನಿಮ್ಮ ಪ್ರತಿಯೊಂದು ನಲ್ಲಾದ ಜೊತೆಗೂ ಇದನ್ನು ಕೊಟ್ಟರೆ ಜನ ನೆನೆಯುತ್ತಾರೆ ಎಂದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ಚಿಕ್ಕವರಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು, "ಹಮೇ ನಲ್ಲಾ ಬನಾತೇ ಮಿಯಾಂ, ಪಾನಿ ನೈ ಬನಾತೇ." ನಾವು ಮಾಡುವುದು ನಲ್ಲಾ, ನೀರಲ್ಲ ಎಂದು.

೨. ಪರಸೋಂ ಬಂದವನು

ನಂತರ ಚರ್ಲಪಲ್ಲಿಯಲ್ಲಿ ಬಾಗಿಲ ಗಂಟೆ ಮಾಡುವವರೊಬ್ಬರು. ಗಂಟೆ ಮಾಡುವವರಿಗೆ ಗಂಟೆ ಮಾರುವುದು ಸುಲಭ ಎಂದುಕೊಂಡಿದ್ದೆ. ಮಾಲೀಕರು ಹಳೇ ಹೈದರಾಬಾದಿನವರು, ಹೊಟ್ಟೆ ಗಡ್ಡ ಎರಡನ್ನೂ ಧಾರಾಳವಾಗಿ ಬೆಳೆಸಿದ್ದರು. ನಾನು ಡಬ್ಬಿ ಇನ್ನೂ ಚೀಲದಿಂದ ಅರ್ಧ ತೆಗೆದಿದ್ದೆ, ಅಷ್ಟರಲ್ಲಿ ಅವರು ಹೇಳಿದರು, "ಅರೇ, ಪರಸೋಂಇಚ್ ಒಬ್ಬ ಇಂಥಾದ್ದೇ ಹಿಡ್ಕೊಂಡು ಬಂದಿದ್ದ."

ತೆಗೆದ ಅರ್ಧವನ್ನೂ ಮತ್ತೆ ಚೀಲದೊಳಗೆ ತಳ್ಳಿದೆ. ಮೊನ್ನೆಯೇ ಒಬ್ಬ ಬಂದಿದ್ದನೇ? ಇಂಥದ್ದೇ ಹಿಡಿದುಕೊಂಡು? ಅಂದರೆ ನನ್ನ ಡಬ್ಬಿಯನ್ನು ಯಾರೋ ಕದ್ದಿದ್ದಾರೆ. ಬಾಲಾನಗರದ ಸಾಹುಕಾರರ ಆ ಬಿಸ್ಕತ್ತು ನೆನಪಾಗಿ ಅವರ ಮೇಲೇ ಅನುಮಾನ ಬಂತು.

"ಯಾರ್ರಿ ಅವ? ಹೆಂಗಿದ್ದ?" ಎಂದು ಕೇಳಿದೆ.

"ಹೆಸರು ಯಾರಿಗೆ ನೆನಪು. ಚಶ್ಮಾ ಇತ್ತು, ದೊಡ್ಡ ಮೀಸೆ ಇತ್ತು. ಸ್ಟೀಲಿನ ಊಟದ ಡಬ್ಬಿಯೊಳಗೆ ಮಷೀನ್ ಇಟ್ಕೊಂಡಿದ್ದ. ಬಹಳ ಮಾತಾಡ್ತಿದ್ದ. ನಾನು ನಕ್ಕೋ, ಬೇಡ ಅಂದೆ, ಆದರೂ ಮಾತಾಡ್ತಿದ್ದ. ಲೈಟು ಆರಿಸಿದೆ, ಕತ್ತಲಲ್ಲೂ ಮಾತಾಡ್ತಿದ್ದ."

ಆ ವಾರವೆಲ್ಲ ನಾನು ಮೀಸೆಯವನನ್ನು ಹುಡುಕಿದೆ. ಸಾಮಾನು ಮಾರುವ ಅಂಗಡಿಗಳಲ್ಲಿ ವಿಚಾರಿಸಿದೆ, ರಿಪೇರಿಯವರನ್ನು ಕೇಳಿದೆ. ಮಲಗಿದರೆ ಕನಸಿನಲ್ಲಿ ಮೀಸೆ. ಕೊನೆಗೆ ಮನೆಯಾಕೆ, ಏನಾಗೈತ್ರಿ ನಿಮಗ, ಊಟಾನೂ ಸರಿಯಾಗಿ ಮಾಡವಲ್ರಿ, ಎಂದು ಕೇಳಿದಾಗ ಎಲ್ಲ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಊಟದ ಡಬ್ಬ್ಯಾಗ ಮಿಷಿನ್ ಇಟಗೊಂಡು, ಬ್ಯಾಡ ಅಂದ್ರೂ ಮಾತಾಡೋ ಮನಷ್ಯಾ ಈ ಊರಾಗ ಇನ್ನೊಬ್ಬ ಅದಾನೇನ್ರಿ?"

ಆಗ ಹೊಳೆಯಿತು. ಬಹಳ ವರ್ಷಗಳ ಹಿಂದೆ, ಕಾರ್ಖಾನೆ ಇನ್ನೂ ಮುಚ್ಚದೆ ನನಗೆ ಮೀಸೆಯೂ ಇದ್ದ ಕಾಲದಲ್ಲಿ, ಆಬಿಡ್ಸ್ ಕಡೆಯ ಗಲ್ಲಿಯಲ್ಲಿ ಒಂದು ಬಾಗಿಲ ಗಂಟೆಯ ಅಂಗಡಿಗೆ ಈ ಡಬ್ಬಿಯ ಮೊದಲ ಅವತಾರ ಹಿಡಿದುಕೊಂಡು ಹೋಗಿದ್ದೆ. ಆಗ ಗಲ್ಲಾದಲ್ಲಿ ಕೂತಿದ್ದ ತೆಳ್ಳನೆಯ ಹುಡುಗನೇ ಈಗ ಚರ್ಲಪಲ್ಲಿಯಲ್ಲಿ ಗಡ್ಡ ಬಿಟ್ಟು ಮಾಲೀಕನಾಗಿದ್ದಾನೆ. ಇಷ್ಟು ವರ್ಷ ಈ ಊರಲ್ಲಿದ್ದೂ ನಾನು ಮರೆತಿದ್ದೆ. ಹೈದರಾಬಾದಿನವರಿಗೆ ಪರಸೋಂ ಎಂದರೆ ಮೊನ್ನೆ ಅಲ್ಲ, ಹಿಂದೆ ಯಾವಾಗಲಾದರೂ ಆಗಬಹುದು. ಅಜ್ಜ ಸತ್ತಿದ್ದೂ ಪರಸೋಂ, ಅಜ್ಜನ ಮದುವೆ ಆಗಿದ್ದೂ ಪರಸೋಂ.

ಮರುದಿನ ಮತ್ತೆ ಚರ್ಲಪಲ್ಲಿಗೆ ಹೋಗಿ, ಆ ಮನುಷ್ಯ ನಾನೇ ಎಂದು ಒಪ್ಪಿಕೊಂಡೆ. ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದ್ರೆ ಪರಸೋಂಇಚ್ ನಕ್ಕೋ ಅಂದಿದ್ದೆನಲ್ಲ" ಎಂದರು.

೩. ನೋವು ಎಲ್ಲಿದೆ

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅದಕ್ಕೆ ಹೊಸಬರ ಹತ್ತಿರ ಹೋಗೋಣ ಎಂದು, ಗಾಜಿನ ಕಟ್ಟಡವೊಂದರಲ್ಲಿ ಕೂತು ಹೊಸ ಸಂಶೋಧನೆಗಳನ್ನು ಕಾರ್ಖಾನೆಯವರಿಗೆ ಗಂಟು ಹಾಕಿಸುವ ಹುಡುಗನನ್ನು ಕಂಡೆ. ಮದುವೆ ದಲ್ಲಾಳಿಗಳ ಕೆಲಸವೇ, ಕುರ್ಚಿ ಮಾತ್ರ ಚೆನ್ನಾಗಿದ್ದವು. ಹುಡುಗ ಬೆಂಗಳೂರಿನವನು. ಅವತ್ತು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿದ್ದರಿಂದ ಮನೆಯಾಕೆಯೂ ಜೊತೆಗಿದ್ದಳು.

ಹುಡುಗ ಲ್ಯಾಪ್‌ಟಾಪ್ ತೆರೆದು, "ಮೊದಲು ಪೇನ್ ಪಾಯಿಂಟ್ ಎಲ್ಲಿದೆ ಹೇಳಿ ಅಂಕಲ್" ಅಂದ.

ನಾನು ಬಾಯಿ ತೆರೆಯುವ ಮೊದಲೇ ಮನೆಯಾಕೆ ಹೇಳಿದಳು, "ಸೊಂಟದಾಗ ಐತಪ. ಕೊಡಾ ಎತ್ತಿ ಎತ್ತಿ ಹಿಂಗಾಗೇತಿ. ರಾತ್ರಿ ಆದ್ರ ಮೊಣಕಾಲಿಗೂ ಇಳೀತೈತಿ."

ಹುಡುಗ ಅದನ್ನು ಟೈಪ್ ಮಾಡಿಕೊಂಡ. ಸತ್ಯವಾಗಿ ಹೇಳುತ್ತೇನೆ, ಟೈಪ್ ಮಾಡಿಕೊಂಡ. ಆಮೇಲೆ ಈ ಡಬ್ಬಿ ಎಲ್ಲ ಹಳೇ ಕಾಲದ್ದು, ಇದರ ಬದಲು ಆಪ್ ಮಾಡೋಣ ಎಂದ. ಫೋನಿನಲ್ಲೇ ನೀರು ಬಂತು ಅಂತ ಗೊತ್ತಾಗುತ್ತೆ.

"ಫೋನಿಗೆ ಹೇಗೆ ಗೊತ್ತಾಗುತ್ತಪ್ಪ?" ಎಂದು ಕೇಳಿದೆ.

"ಸಿಂಪಲ್ ಅಂಕಲ್. ನೀರು ಬಂದ ತಕ್ಷಣ ಬೀದಿಯಲ್ಲಿ ಯಾರಾದರೂ ಒಬ್ಬರು ಬಟನ್ ಒತ್ತುತ್ತಾರೆ."

"ಆ ಒಬ್ಬರಿಗೆ ನೀರು ಬಂತು ಅಂತ ಹೇಗೆ ಗೊತ್ತಾಗುತ್ತೆ?"

"ಅವರು ನಲ್ಲಿ ಹತ್ತಿರ ಕೂತಿರ್ತಾರಲ್ಲ" ಅಂದ.

ಮನೆಯಾಕೆ ಸೆರಗು ಸರಿ ಮಾಡಿಕೊಂಡು ಎದ್ದಳು. "ನಡೀರಿ. ಅದನ್ನ ನಾ ಆಗಲೇ ಮಾಡಾಕತ್ತೀನಿ, ಬಟನ್ ಒಂದು ಇದ್ದಿಲ್ಲ" ಎಂದಳು.

೪. ನಲ್ಲ ಬಂದದ್ದು

ನಾವು ಹೊರಡುವಾಗ ಆ ಹುಡುಗ ಒಂದು ಮಾತು ಹೇಳಿದ್ದ. ಟ್ರಿಣ್ ಟ್ರಿಣ್ ಎಂದರೆ ಯಾರೂ ಕೊಳ್ಳುವುದಿಲ್ಲ, ಈಗ ಎಲ್ಲವೂ ಮಾತಾಡಬೇಕು ಎಂದು. ಲಿಫ್ಟ್ ಮಾತಾಡುತ್ತದೆ, ಕಾರು ಮಾತಾಡುತ್ತದೆ, ಮೆಟ್ರೋ ಮಾತಾಡುತ್ತದೆ. ಸರಿ, ನನ್ನ ಡಬ್ಬಿಯೂ ಮಾತಾಡಲಿ ಎಂದು ನನ್ನ ಧ್ವನಿಯನ್ನೇ ಅದರಲ್ಲಿ ತುಂಬಿದೆ. "ನಲ್ಲಾ ಬಂದೈತಿ, ಲಗೂನ ಏಳ್ರಿ" ಎಂದು.

ಪರೀಕ್ಷೆಗೆಂದು ಕೆಳಗಿನ ಮನೆಗೆ ಒಂದು ಡಬ್ಬಿ ಕೊಟ್ಟೆ. ಅಲ್ಲಿ ಮೈಸೂರಿನ ಹುಡುಗಿಯೊಬ್ಬಳು ಇದ್ದಳು, ಕಂಪ್ಯೂಟರ್ ಕೆಲಸದವಳು. ನಮ್ಮ ಭಾಷೆಯವಳು, ತಿಳಿದುಕೊಳ್ಳುತ್ತಾಳೆ ಎಂಬ ಧೈರ್ಯ. ಅವಳು ತಿಳಿದುಕೊಂಡಳು. ಆದರೆ ಆ ವಾರ ಅವಳ ತಾಯಿ ಊರಿಂದ ಬಂದಿದ್ದರು. ಮಗಳು ಆಫೀಸಿಗೆ ಹೋಗಿದ್ದಾಗ, ಅವರು ಮಧ್ಯಾಹ್ನದ ಊಟ ಮುಗಿಸಿ ಮಲಗಿದ್ದಾರೆ. ಅಡುಗೆಮನೆಯಿಂದ ಗಂಡಸಿನ ಒರಟು ಧ್ವನಿ, "ನಲ್ಲಾ ಬಂದೈತಿ, ಲಗೂನ ಏಳ್ರಿ."

ಮೈಸೂರಿನವರಿಗೆ ನಲ್ಲ ಎಂದರೆ ಪ್ರಿಯಕರ. ಪಾಪ, ಅವರ ತಪ್ಪಲ್ಲ, ಹಳಗನ್ನಡದ ತಪ್ಪು. ಆ ತಾಯಿ ಲಟ್ಟಣಿಗೆ ಹಿಡಿದು ಮನೆಯೆಲ್ಲ ಹುಡುಕಿ, ಕಪಾಟಿನ ಹಿಂದೆ ನೋಡಿ, ಮಂಚದ ಕೆಳಗೆ ನೋಡಿ, ಸಿಗದೆ ಮಗಳಿಗೆ ಫೋನ್ ಮಾಡಿ ಅತ್ತರು. ಮಗಳು ನಮಗೆ ಫೋನ್ ಮಾಡಿದಳು. ನಾನೂ ಮನೆಯಾಕೆಯೂ ಕೆಳಗೆ ಓಡಿ, ಡಬ್ಬಿ ತೋರಿಸಿ, ನಲ್ಲಾ ಎಂದರೆ ನಲ್ಲಿ ಎಂದು ಬಿಡಿಸಿ ಹೇಳಿದೆವು. ಅವರು ಲಟ್ಟಣಿಗೆ ಕೆಳಗಿಟ್ಟು ಬೆವರು ಒರೆಸಿಕೊಂಡರು.

"ನಾನು ನಲ್ಲ ಅಂತಾನೇ ಅಂದ್ಕೊಂಡೆ ಕಣ್ರೀ" ಎಂದರು. "ಬಂದವನು ಮನೆಯ ಅಳಿಯ ಆಗೋನಾಗಿದ್ರೆ ಹಾಳಾಗಿ ಹೋಗ್ಲಿ ಅನ್ನಬಹುದಿತ್ತು. ಆದರೆ ಬಂದಿದ್ದಾನೆ ಅಂತ ಕೂಡ ಅನ್ನದೆ ಬಂದೈತಿ ಅಂತಿದ್ದನಲ್ಲ, ಇದೆಂಥ ಪ್ರಾಣೀನ ಕಟ್ಕೊಂಡಳಪ್ಪ ಅಂತ ಅಳು ಬಂತು."

೫. ಹೇಳಿದ ಮಾತು ಕೇಳುವವನು

ಇಷ್ಟಾದ ಮೇಲೆ ಕನ್ನಡ ಬಿಟ್ಟೆ. ಯಾವ ಭಾಷೆಯವರಿಗೂ ತಿಳಿಯುವ ಮಾತು ಬೇಕು ಎಂದು ತಲೆ ಕೆರೆದುಕೊಂಡು ಕಡೆಗೆ ಒಂದು ಹಿಡಿದೆ, "ನಲ್ಲಾ ಚಾಲೂ". ಚಾಲೂ ಅಂದರೆ ಶುರುವಾಯಿತು. ರಾಯಚೂರಿನವನಿಗೆ ಗೊತ್ತು, ಮರಾಠಿಯವನಿಗೆ ಗೊತ್ತು, ಹಿಂದಿ ಉರ್ದುವಿನವರಿಗೂ ಗೊತ್ತು. ಇಷ್ಟು ಜಾಣತನ ನನ್ನಲ್ಲಿ ಇದೆ ಎಂದು ನನಗೇ ಹೆಮ್ಮೆಯಾಯಿತು.

ಯುಗಾದಿ ಎರಡು ದಿನ ಇದೆ ಎನ್ನುವಾಗ ಉಪ್ಪಲ್ ಕಡೆಯ ಪೈಪು ಕಾರ್ಖಾನೆಯ ಮಾಲೀಕರು ಡಬ್ಬಿ ನೋಡಲು ಒಪ್ಪಿಕೊಂಡು ತಾವೇ ಮನೆಗೆ ಬಂದರು. ತೆಲುಗಿನವರು, ಕೈ ತುಂಬ ಉಂಗುರ, ಮುಖ ತುಂಬ ಬೇಸರ. ಅವತ್ತು ನೀರು ಬರುವ ದಿನ. ಯಾವ ಹೊತ್ತಿಗೆ ಬರುತ್ತದೆ ಎಂದು ಅವರು ಕೇಳಿದರು. ಅದು ಗೊತ್ತಿದ್ದರೆ ಈ ಡಬ್ಬಿ ಯಾಕೆ ಮಾಡುತ್ತಿದ್ದೆ ಎಂದು ಬಾಯಿಗೆ ಬಂದದ್ದನ್ನು ನುಂಗಿ, ಇನ್ನೇನು ಬರುತ್ತೆ ಸಾರ್ ಎಂದೆ. ಮನೆಯಾಕೆ ಮಂಡಕ್ಕಿ ಸೂಸಲಾ ಕೊಟ್ಟಳು, ಮಿರ್ಚಿ ಕೊಟ್ಟಳು. ಅವರು ತಿನ್ನುತ್ತ ತಮ್ಮ ಕಾರ್ಖಾನೆಯ ಗೋಳು ಹೇಳಿದರು. ಕೆಲಸದವರಿಗೆ ಎಷ್ಟು ಹೇಳಿದರೂ ಹೇಳಿದ್ದು ಮಾಡುವುದಿಲ್ಲ, ನಿಲ್ಲಿಸು ಎಂದರೆ ಓಡಿಸುತ್ತಾರೆ, ಓಡಿಸು ಎಂದರೆ ನಿಲ್ಲಿಸುತ್ತಾರೆ.

ನಮ್ಮದು ಹಳೆಯ ಕಟ್ಟಡ. ನಲ್ಲಾ ನೀರು ಗೇಟಿನ ಹತ್ತಿರದ ವಾಲ್ವ್ ದಾಟಿ ಸೀದಾ ಮನೆಮನೆಯ ಅಡುಗೆಮನೆಗೆ ಬರುತ್ತದೆ. ಅದೇ ವೇಳೆಗೆ ವಾಚ್‌ಮನ್ ಮೋಟರು ಹಾಕಿ ಮೇಲಿನ ಟಾಕಿಯನ್ನೂ ತುಂಬಬೇಕು. ವಾಚ್‌ಮನ್ ಹೊಸಬ, ಶ್ರೀಕಾಕುಳಂ ಕಡೆಯವನು. ಬಂದು ತಿಂಗಳಾಗಿರಲಿಲ್ಲ. ನೀರು ಬಂದದ್ದು ಕಣ್ಣಿಗೆ ಬಿದ್ದರೆ ಮನೆಮನೆಯ ಬಾಗಿಲು ಬಡಿದು ಹೇಳುವಷ್ಟು ನಿಯತ್ತಿನವನು. ಅವನಿಗೂ ಕೇಳಲಿ ಎಂದು ಗೇಟಿನ ಹತ್ತಿರ ಇನ್ನೊಂದು ಸ್ಪೀಕರ್ ಕಟ್ಟಿ, ಬೆಳಿಗ್ಗೆಯೇ ನನ್ನ ಹರಕು ತೆಲುಗಿನಲ್ಲಿ ಹೇಳಿದ್ದೆ, ಮಿಷನ್ ಏನು ಹೇಳುತ್ತದೋ ಅದನ್ನು ಕೂಡಲೇ ಮಾಡು ಎಂದು.

ಸಂಜೆಯಾಗುತ್ತ ಬಂತು. ಮಾಲೀಕರು ಎರಡನೇ ತಟ್ಟೆ ಸೂಸಲಾ ಮುಗಿಸಿದ್ದರು. ಪೈಪು ಕೆಮ್ಮಿತು, ಡಬ್ಬಿ ಸುಮ್ಮನಿತ್ತು. ಆಮೇಲೆ ನೀರು ಬಂತು, ಡಬ್ಬಿ ನನ್ನದೇ ಗಂಟಲಲ್ಲಿ ಕೂಗಿತು, "ನಲ್ಲಾ ಚಾಲೂ, ನಲ್ಲಾ ಚಾಲೂ."

ನೀರು ನಿಂತು ಹೋಯಿತು.

ಮಾಲೀಕರು ನಲ್ಲಾ ನೋಡಿದರು, ನನ್ನನ್ನು ನೋಡಿದರು. ಮೇಲಿನ ಮನೆಯಿಂದ ಯಾರೋ ನೀರು ನೀರು ಎಂದು ಕೂಗಿಕೊಂಡರು. ಸ್ವಲ್ಪ ಹೊತ್ತಿಗೆ ಮತ್ತೆ ನೀರು ಬಂತು. ಮತ್ತೆ "ನಲ್ಲಾ ಚಾಲೂ". ಮತ್ತೆ ನಿಂತಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಮಾಲೀಕರ ಮುಖ ಅರಳಿತ್ತು. ಬಂದಾಗಿನಿಂದ ಮೊದಲ ಸಲ ಬೇಸರ ಹೋಗಿತ್ತು.

"ಅದ್ಭುತಂ" ಎಂದರು. "ನೀರು ಬರೋದನ್ನ ಯಾರು ಬೇಕಾದರೂ ಹೇಳ್ತಾರೆ. ಇದು ಚಾಲು ಅಂತ ಹೇಳಿ ತಾನೇ ನಿಲ್ಲಿಸ್ತದೆ. ನಾನು ಮಾಡ್ತೀನಿ ಇದನ್ನ."

ಆಗ ನನ್ನ ಮಂಡೆಗೆ ಹೊಳೆಯಿತು. ತೆಲುಗಿನಲ್ಲಿ ಚಾಲು ಎಂದರೆ ಸಾಕು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ನಾನು ಮೆಟ್ಟಿಲಿಳಿದು ಓಡಿದೆ, ಮಾಲೀಕರು ನನ್ನ ಹಿಂದೆಯೇ ಬಂದರು. ಗೇಟಿನ ಹತ್ತಿರ ವಾಚ್‌ಮನ್ ಕುಕ್ಕರಗಾಲಲ್ಲಿ ಕೂತು, ವಾಲ್ವಿನ ಮೇಲೆ ಕೈಯಿಟ್ಟು, ಸ್ಪೀಕರಿನ ಕಡೆ ಕಿವಿ ಕೊಟ್ಟಿದ್ದ. ಮೇಲಿನವರು ಕೂಗಿದರೆ ತೆರೆಯುತ್ತಿದ್ದ, ಮಿಷನ್ ಹೇಳಿದರೆ ಮುಚ್ಚುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತು, "ಮೀರೇ ಕದಾ ಸಾರ್ ಚಾಲು ಚಾಲು ಅಂಟುನ್ನಾರು" ಎಂದ. ನೀವೇ ತಾನೇ ಸಾಕು ಸಾಕು ಅಂತಿರೋದು ಎಂದು.

ಮಾಲೀಕರು ಅವನನ್ನೇ ನೋಡುತ್ತ ನಿಂತರು. ವಾಲ್ವನ್ನು ನೋಡಿದರು, ಮತ್ತೆ ಅವನನ್ನು ನೋಡಿದರು. ನಾನು ಡಬ್ಬಿಯದು ತಪ್ಪಿಲ್ಲ, ಮಾತಿನದ್ದಷ್ಟೇ ತಪ್ಪು, ಒಂದು ಪದ ಬದಲಿಸಿದರೆ ಸಾಕು ಎಂದು ಹೇಳುತ್ತಲೇ ಇದ್ದೆ. ಅವರು ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು.

"ಮಿಷನ್ ನನಗೆ ಬೇಡ" ಎಂದರು. "ಈ ಮನುಷ್ಯನನ್ನ ಕೊಡಿ."

ಮರುದಿನವೇ ವಾಚ್‌ಮನ್ ಗಂಟು ಕಟ್ಟಿಕೊಂಡು ಉಪ್ಪಲ್‌ಗೆ ಹೋದ. ಹೋಗುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದ.

ಯುಗಾದಿ ದಿನ ಬೇವು ಬೆಲ್ಲ ತಿನ್ನುವ ಹೊತ್ತಿಗೆ ಮನೆಯಾಕೆಯ ತಮ್ಮ ಬಂದು ಕೂತು, "ನಾಳಿಂದ ಬರ್ರಿ ಮಾಮಾ" ಎಂದ. ಅವನ ಮಾತು ಮುಗಿಯುವ ಮೊದಲೇ ಕಟ್ಟಡದ ಸೆಕ್ರೆಟರಿ ಬಂದರು, ಹಿಂದೆ ನಾಲ್ಕು ಮನೆಯವರು. ವಾಚ್‌ಮನ್‌ನನ್ನು ಓಡಿಸಿದ್ದು ನಾನು, ಹಾಗಾಗಿ ಇನ್ನೊಬ್ಬ ಸಿಗುವ ತನಕ ನೀರು ಬಂದಾಗ ಕಾದಿದ್ದು ಮನೆಮನೆಯ ಬಾಗಿಲು ಬಡಿದು ಹೇಳಬೇಕಾದವನೂ ನಾನೇ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರಂತೆ. ಮನೆಗೊಂದು ಡಬ್ಬಿ ಕಟ್ಟಿಕೊಡುತ್ತೇನೆ ಎಂದೆ. "ಆ ಡಬ್ಬಿ ಮಾತ್ರ ಬೇಡ" ಎಂದರು ಒಟ್ಟಿಗೆ.

ಇದನ್ನೆಲ್ಲ ಕೇಳಿದ ಮನೆಯಾಕೆಯ ತಮ್ಮ, ದಿನ ಬಿಟ್ಟು ದಿನ ಬರೋರನ್ನ ಇಟಗೊಂಡು ನಾ ಏನ್ ಮಾಡ್ಲಿ ಅಕ್ಕಾ ಎಂದು ಹೋಳಿಗೆ ಮುಗಿಸಿ ಎದ್ದುಹೋದ. ಕಮೋಡಿನ ಕೆಲಸವೂ ಹೋಯಿತು.

ಎಲ್ಲರೂ ಹೋದ ಮೇಲೆ ಮನೆಯಾಕೆ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು.

"ಕಡೀಕೂ ನಿಮ್ಮ ನಲ್ಲಾ ಗಂಟಿಗೆ ಗಿರಾಕಿ ಸಿಕ್ಕರು ನೋಡ್ರಿ" ಎಂದಳು. "ಗಂಟಿ ಮಾತ್ರ ನೀವ ಆದ್ರಿ."